ಗಿಳಿಯ ತಟ್ಟೆಗೆ ಮೊದಲು ಸೊಪ್ಪು, ಆಮೇಲೆ ಹಣ್ಣು

ಬೇಸಿಗೆ ರಜೆಗೆ ಬಂದಿದ್ದ ನೆಂಟರ ಹುಡುಗ ಬೆಣ್ಣೆಹಣ್ಣಿನ ಜ್ಯೂಸ್ ಕುಡಿಯುತ್ತ ಪಂಜರದ ಹತ್ತಿರ ಹೋದ. ನಮ್ಮ ಕಾಕಟೀಲ್ ಗಿಳಿ ಜುಟ್ಟು ನಿಮಿರಿಸಿಕೊಂಡು ಅವನ ಚಮಚವನ್ನೇ ನೋಡುತ್ತಿತ್ತು. ಚಮಚ ಸರಳಿನ ನಡುವೆ ತೂರುವಷ್ಟರಲ್ಲಿ ನಾನು ಅಡುಗೆಮನೆಯಿಂದ ಕಿರುಚಿದೆ. ಹುಡುಗ ಬೆಚ್ಚಿ ಲೋಟವನ್ನೇ ಬೀಳಿಸಿದ. ನೆಲ ಒರೆಸಿದ್ದು ನಾನೇ. ಆದರೂ ಕಿರುಚಿದ್ದಕ್ಕೆ ನನಗೆ ಬೇಸರವಿಲ್ಲ.

ಬೆಣ್ಣೆಹಣ್ಣು ಸಿಗದ ಜ್ಯೂಸ್ ಅಂಗಡಿ ಮಂಗಳೂರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ನಮಗೆ ಅಷ್ಟು ಒಗ್ಗಿದ ಈ ಹಣ್ಣಿನಲ್ಲಿ ಪರ್ಸಿನ್ ಎಂಬ ವಸ್ತುವಿದೆ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ, ಹಕ್ಕಿಗಳಿಗೆ ಅದು ಹೃದಯದ ಸ್ನಾಯುವನ್ನೇ ಕೆಡಿಸುವ ವಿಷ. ತಿಂದ ಹಕ್ಕಿ ಗರಿ ಉಬ್ಬಿಸಿ ಮೂಲೆ ಸೇರುತ್ತದೆ, ಉಸಿರಾಡಲು ಒದ್ದಾಡುತ್ತದೆ, ಒಂದೆರಡು ದಿನದಲ್ಲಿ ಸಾಯಲೂಬಹುದು. ಇದಕ್ಕೆ ಪ್ರತಿವಿಷವಿಲ್ಲ. ಎಲೆ, ಸಿಪ್ಪೆ, ಬೀಜ, ತಿರುಳು ಯಾವುದೂ ಬೇಡ, ಚಮಚದ ತುದಿಯಲ್ಲಿ ನೆಕ್ಕಿಸುವುದೂ ಬೇಡ. ಅಂದಿನಿಂದ ನಮ್ಮ ಮನೆಗೆ ಬರುವ ಮಕ್ಕಳಿಗೆ ಚಪ್ಪಲಿ ಬಿಡುವ ಮೊದಲೇ ಈ ಪಾಠ.

ಉಳಿದದ್ದು ಇಷ್ಟು ಭಯಪಡುವ ವಿಷಯವಲ್ಲ. ನಮ್ಮ ಹಿತ್ತಲು ಮತ್ತು ಉರ್ವ ಮಾರ್ಕೆಟ್ಟಿನ ತರಕಾರಿ ಬುಟ್ಟಿಗಳಲ್ಲೇ ಗಿಳಿಗೆ ಬೇಕಾದದ್ದು ಬಹುಪಾಲು ಸಿಗುತ್ತದೆ.

ಪಂಜರದಲ್ಲಿರುವುದು ಯಾವ ಗಿಳಿ?

ಮೊದಲು ಇದನ್ನು ನೋಡಿಕೊಳ್ಳಿ. ಹಸಿರು ಮೈ, ಕೆಂಪು ಕೊಕ್ಕು, ಗಂಡಿಗೆ ಕೊರಳಲ್ಲಿ ಗುಲಾಬಿ ಉಂಗುರ ಇರುವ ನಮ್ಮೂರ ಗಿಳಿಯನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ತೆಂಗಿನ ಮರ ಕಡಿದಾಗ ಪೊಟರೆಯಿಂದ ಮರಿ ಬಿತ್ತೆಂದು ಕರುಣೆಯಿಂದ ತಂದಿಟ್ಟುಕೊಂಡರೂ ಅಷ್ಟೇ; ಅರಣ್ಯ ಇಲಾಖೆಗೆ ತಿಳಿಸುವುದೇ ದಾರಿ. ಈ ಲೇಖನ ಬಡ್ಜರಿಗಾರ್ (ಬಡ್ಜಿ), ಕಾಕಟೀಲ್, ಲವ್‌ಬರ್ಡ್, ಕಾನ್ಯೂರ್‌ಗಳಂಥ ಹೊರದೇಶದ ತಳಿಗಳನ್ನು ಸಾಕಿದವರಿಗೆ. ಕಾನ್ಯೂರ್, ಆಫ್ರಿಕನ್ ಗ್ರೇಗಳಂಥವನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂಬುದು ನೆನಪಿರಲಿ.

ತಟ್ಟೆಯ ಲೆಕ್ಕ

ಗಿಳಿ ಎಂದರೆ ಹಣ್ಣು ಎಂಬುದು ಕ್ಯಾಲೆಂಡರಿನ ಚಿತ್ರಗಳು ಕಲಿಸಿದ ಪಾಠ. ಅಂಗಡಿಯವರು ಕಲಿಸುವುದು ಇನ್ನೊಂದು: ಸೂರ್ಯಕಾಂತಿ ಬೀಜ ತುಂಬಿ ಇಟ್ಟರೆ ಸಾಕು ಎಂದು. ಎರಡೂ ಸರಿಯಲ್ಲ. ಸೂರ್ಯಕಾಂತಿಯಲ್ಲಿ ಕೊಬ್ಬು ಜಾಸ್ತಿ, ಎ ಜೀವಸತ್ವ ಮತ್ತು ಸುಣ್ಣದಂಶ ಬಹಳ ಕಡಿಮೆ. ಬೀಜ ಮಾತ್ರ ತಿಂದು ಬೆಳೆದ ಹಕ್ಕಿಯ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಎ ಜೀವಸತ್ವದ ಕೊರತೆಯಿಂದ ಪದೇಪದೇ ಸೀನು, ಮೂಗಿನ ಸೋರಿಕೆ, ಬಾಯೊಳಗೆ ಬಿಳಿ ಕಲೆ ಕಾಣಿಸಿಕೊಳ್ಳುತ್ತವೆ. ಮಳೆಗಾಲದ ಶೀತ ಎಂದುಕೊಂಡು ಪಂಜರಕ್ಕೆ ಬಟ್ಟೆ ಹೊದಿಸಿ ಕೂರುವವರೇ ಹೆಚ್ಚು.

ಹಕ್ಕಿಗಳಿಗೆಂದೇ ತಯಾರಾದ ಪೆಲ್ಲೆಟ್ ಎಂಬ ಗುಳಿಗೆ ಆಹಾರ ಅರ್ಧಕ್ಕಿಂತ ಹೆಚ್ಚು, ತರಕಾರಿ ಮತ್ತು ಸೊಪ್ಪು ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಹಣ್ಣು ಹತ್ತರಲ್ಲಿ ಒಂದು ಪಾಲಿಗೆ ಮೀರದಂತೆ ಇದ್ದರೆ ಸಾಕು. ನವಣೆ, ಸೂರ್ಯಕಾಂತಿ ಏನಿದ್ದರೂ ಲಂಚದ ಲೆಕ್ಕ; ಕೈಗೆ ಬಂದು ಕೂತಾಗ ಎರಡು ಕಾಳು. ಕಾಕಟೀಲ್‌ಗೆ ದಿನಕ್ಕೆ ಹೆಚ್ಚಿದ ತರಕಾರಿ ಒಂದು ದೊಡ್ಡ ಚಮಚ, ಹಣ್ಣು ಹೆಬ್ಬೆರಳಿನ ಉಗುರಿನಷ್ಟು. ಬಡ್ಜಿಗೆ ಅದರ ಅರ್ಧ. ಹಣ್ಣಿನಲ್ಲಿರುವುದು ಮುಖ್ಯವಾಗಿ ಸಕ್ಕರೆ ಮತ್ತು ನೀರು. ತೊಂಬತ್ತು ಗ್ರಾಂ ತೂಗುವ ಹಕ್ಕಿಗೆ ಅರ್ಧ ಬಾಳೆಹಣ್ಣು ಎಂದರೆ ಏನೆಂದು ಲೆಕ್ಕ ಹಾಕಿ.

ಬುಟ್ಟಿಗೆ ಏನು ಹಾಕಿಕೊಳ್ಳಬೇಕು

ಮೊದಲ ಸ್ಥಾನ ನುಗ್ಗೆ ಸೊಪ್ಪಿಗೆ. ಎ ಜೀವಸತ್ವಕ್ಕೂ ಸುಣ್ಣದಂಶಕ್ಕೂ ಇದಕ್ಕಿಂತ ಅಗ್ಗದ, ಹತ್ತಿರದ ಮೂಲ ನನಗೆ ಗೊತ್ತಿಲ್ಲ. ಕಾಂಪೌಂಡಿನಾಚೆ ಬಾಗಿದ ಕೊಂಬೆ ಕೇಳಿದರೆ ಕೊಡದ ನೆರೆಯವರೂ ಇಲ್ಲ. ಕೊಂಬೆಯನ್ನು ತೊಳೆದು, ನೀರು ಸೋರುತ್ತಿರುವಾಗಲೇ ಪಂಜರದ ಮೇಲಿನ ಸರಳಿಗೆ ತಲೆಕೆಳಗಾಗಿ ಕಟ್ಟಿ. ನಮ್ಮದು ಮೊದಲು ಅದನ್ನು ತಿನ್ನುವುದಿಲ್ಲ. ಒದ್ದೆ ಎಲೆಯೊಳಗೆ ತಲೆ ತೂರಿಸಿ, ಕೆನ್ನೆ ಉಜ್ಜಿ, ರೆಕ್ಕೆ ಅರ್ಧ ಬಿಚ್ಚಿ ಮೈಯೆಲ್ಲ ತೋಯಿಸಿಕೊಳ್ಳುತ್ತದೆ. ಐದು ನಿಮಿಷದ ಈ ಸ್ನಾನವಾದ ಮೇಲೆ ಒಂದೊಂದೇ ಎಲೆಯನ್ನು ತೊಟ್ಟಿನಿಂದ ಕತ್ತರಿಸಿ, ಅರ್ಧ ತಿಂದು ಅರ್ಧ ಕೆಳಗೆ ಹಾಕುತ್ತದೆ. ಕೆಳಗೆ ಬಿದ್ದದ್ದನ್ನು ಎಣಿಸಲು ಹೋಗಬೇಡಿ.

ಕೊತ್ತಂಬರಿ, ಮೆಂತೆ ಸೊಪ್ಪುಗಳೂ ಒಳ್ಳೆಯವೇ. ಹರಿವೆ, ಬಸಳೆ, ಪಾಲಕ್ ವಾರಕ್ಕೆ ಒಂದೆರಡು ಸಲ ಸಾಕು. ಅವುಗಳಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಹಕ್ಕಿಗೆ ದಕ್ಕದಂತೆ ಮಾಡುತ್ತದೆ. ಚಪ್ಪರದ ತುಂಬ ಬಸಳೆ ಇದೆಯೆಂದು ದಿನವೂ ಕೊಡುವವರು ಇದನ್ನು ಗಮನಿಸಬೇಕು.

ತರಕಾರಿಯಲ್ಲಿ ಬಣ್ಣ ನೋಡಿ. ನಾವು ಚೀನಿಕಾಯಿ ಎನ್ನುವ ಸಿಹಿಗುಂಬಳ, ಕ್ಯಾರೆಟ್, ಬೇಯಿಸಿದ ಸಿಹಿಗೆಣಸು ದಿನಕ್ಕೊಂದರಂತೆ ಇರಲಿ. ಎಳೆಯ ಅಲಸಂಡೆ, ತೊಂಡೆ, ಬೆಂಡೆ, ಹೀರೆ ಹಸಿಯಾಗಿಯೇ ಆಗುತ್ತವೆ. ಮುಳ್ಳುಸೌತೆ ಸೆಕೆಗೆ ಹಿತ, ಸತ್ವ ಕಡಿಮೆ.

ಮೆಣಸಿನಕಾಯಿ ಕೊಟ್ಟರೆ ಪಾಪವಲ್ಲವೇ ಎಂದು ಕೇಳುವವರಿದ್ದಾರೆ. ಖಾರ ಉಂಟುಮಾಡುವ ಕ್ಯಾಪ್ಸೈಸಿನ್ ನಮ್ಮ ನಾಲಗೆಯ ನರವನ್ನು ಕೆರಳಿಸುತ್ತದೆ, ಹಕ್ಕಿಗಳ ನರದಲ್ಲಿರುವ ಗ್ರಾಹಕಕ್ಕೆ ಅದು ತಾಗುವುದೇ ಇಲ್ಲ. ನಮ್ಮ ಕಣ್ಣಲ್ಲಿ ನೀರು ತರಿಸುವ ಗಾಂಧಾರಿ ಮೆಣಸು ಗಿಳಿಗೆ ಬರೀ ಕಾಯಿ, ಅದರಲ್ಲೂ ಬೀಜವೆಂದರೆ ಪ್ರಾಣ. ತಿಂದ ಕೊಕ್ಕನ್ನು ಅದು ನಿಮ್ಮ ತುಟಿಗೆ ತಾಗಿಸದಂತೆ ನೋಡಿಕೊಳ್ಳಿ. ಪಾಪ ಎನ್ನುವುದಿದ್ದರೆ ಆಗ ನಿಮಗೆ ಹೇಳಬೇಕು.

ಹಣ್ಣಿನಲ್ಲಿ ಪಪ್ಪಾಯಿ ಬೀಜಸಹಿತ ಆಗುತ್ತದೆ. ಪೇರಳೆ, ದಾಳಿಂಬೆಯೂ ಹಾಗೆಯೇ. ಮಾವಿನ ಸೊನೆ ತುರಿಕೆ ತರುವುದರಿಂದ ಸಿಪ್ಪೆ ತೆಗೆದು ಕೊಡಿ. ಹಲಸಿನಲ್ಲಿ ಬಕ್ಕೆಯ ತೊಳೆಯ ಸಣ್ಣ ಚೂರು ಸಾಕು, ಮೇಣ ಕೊಕ್ಕಿಗೆ ಅಂಟದಂತೆ ಒರೆಸಿ. ಚಿಕ್ಕು, ಸೀತಾಫಲ, ರಂಬುಟಾನ್‌ಗಳ ಬೀಜ ತೆಗೆಯಲೇಬೇಕು. ಸೀತಾಫಲದ ಬೀಜವಂತೂ ವಿಷ. ಸೇಬಿನ ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ನಡುವಿನ ಭಾಗವನ್ನೇ ಕೊರೆದು ಬಿಸಾಡಿ.

ನಮ್ಮ ಅಡುಗೆಯೇ ಕೊಡುವ ಎಚ್ಚರಿಕೆ

ಯಾವುದನ್ನು ನಮ್ಮ ಅಜ್ಜಿಯಂದಿರು ಹುಳಿ ಹಾಕಿ, ನೀರಲ್ಲಿ ನೆನೆಸಿ, ಗಂಟೆಗಟ್ಟಲೆ ಬೇಯಿಸಿ ಪಳಗಿಸುತ್ತಿದ್ದರೋ ಅದನ್ನು ಹಸಿಯಾಗಿ ಪಂಜರಕ್ಕೆ ಹಾಕಬೇಡಿ. ಪತ್ರೊಡೆಯ ಕೆಸುವಿನ ಎಲೆಯಲ್ಲಿ, ಸುವರ್ಣಗೆಡ್ಡೆಯಲ್ಲಿ ಬಾಯಿ ತುರಿಸುವ ಸೂಜಿಯಂಥ ಹರಳುಗಳಿವೆ. ಆಟಿ ತಿಂಗಳ ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ದಿನಗಟ್ಟಲೆ ನೀರು ಬದಲಿಸಿ ನೆನೆಸುವುದು ಅದರ ಸಯನೈಡ್ ಅಂಶ ಹೋಗಲೆಂದೇ. ಮರಗೆಣಸಿನದೂ ಅದೇ ಕಥೆ. ರಾಜ್ಮಾದಂಥ ಒಣ ಕಾಳು ಬೇಯದೆ ಬೇಡ, ಹೆಸರುಕಾಳಿನ ಮೊಳಕೆ ಪರವಾಗಿಲ್ಲ. ದಾರೆಹುಳಿಯಲ್ಲಿ ಆಕ್ಸಲೇಟ್ ವಿಪರೀತ, ಅದನ್ನು ಚಟ್ನಿಗೆ ಬಿಡಿ. ಹಸಿರಾದ ಆಲೂಗೆಡ್ಡೆ, ಟೊಮೆಟೊ ಗಿಡದ ಎಲೆ ಮತ್ತು ತೊಟ್ಟು ಬೇಡ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಕೈಯನ್ನೇ ಸುಡುತ್ತದೆ, ಇನ್ನು ಕೊಕ್ಕಿನ ಪಾಡೇನು.

ಈರುಳ್ಳಿ, ಬೆಳ್ಳುಳ್ಳಿ ಹಕ್ಕಿಯ ರಕ್ತಕಣಗಳನ್ನು ಒಡೆಯುತ್ತವೆ. ಹಾಗಾಗಿ ಒಗ್ಗರಣೆ ಬಿದ್ದ ಪಲ್ಯ ಕೊಡುವಂತಿಲ್ಲ. ಚಹಾ, ಕಾಫಿ, ಚಾಕೊಲೇಟ್ ಕೂಡದು. ಸಂಜೆ ನೀವು ಗೋಳಿಬಜೆ ತಿನ್ನುವಾಗ ಅದು ಎಷ್ಟೇ ಸೀಟಿ ಹೊಡೆದರೂ ಮುಖ ಆಚೆ ತಿರುಗಿಸಿ ತಿನ್ನಿ.

ತೊಳೆದು, ಹೆಚ್ಚಿ, ಎರಡು ಗಂಟೆಯೊಳಗೆ ತೆಗೆದು

ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಅಡುಗೆ ಸೋಡಾ ಕಲಸಿ, ಸೊಪ್ಪು ತರಕಾರಿಗಳನ್ನು ಹದಿನೈದು ನಿಮಿಷ ಮುಳುಗಿಸಿಟ್ಟು, ಹರಿಯುವ ನೀರಿನಲ್ಲಿ ಎರಡು ಸಲ ತೊಳೆಯಿರಿ. ಮೇಲ್ಮೈಯ ಕೀಟನಾಶಕ ಸಾಕಷ್ಟು ಹೋಗುತ್ತದೆ. ಬಡ್ಜಿಗೆ ಅಕ್ಕಿಕಾಳಿನಷ್ಟು, ಕಾಕಟೀಲ್‌ಗೆ ಕಡಲೆಬೇಳೆಯಷ್ಟು ಹೆಚ್ಚಿ. ಕಾನ್ಯೂರ್ ಕಾಲಲ್ಲಿ ಹಿಡಿದು ತಿನ್ನುವುದರಿಂದ ಅದಕ್ಕೆ ಬೆರಳುದ್ದದ ತುಂಡೇ ಇರಲಿ.

ಬೆಳಿಗ್ಗೆ ಹಸಿದಿರುವಾಗ ಕೊಡಿ. ಎರಡು ಗಂಟೆಯ ನಂತರ ಉಳಿದದ್ದನ್ನು ತೆಗೆದು ತಟ್ಟೆ ತೊಳೆಯಿರಿ. ಕರಾವಳಿಯ ತೇವ ಮತ್ತು ಸೆಕೆಯಲ್ಲಿ ಪಪ್ಪಾಯಿ ಚೂರು ಮಧ್ಯಾಹ್ನದೊಳಗೆ ಹುಳಿಯುತ್ತದೆ. ಮಳೆಗಾಲದಲ್ಲಿ ನೆಲಗಡಲೆಯನ್ನು ನಾನು ಮನೆಗೇ ತರುವುದಿಲ್ಲ. ತೇವ ಹಿಡಿದ ಕಡಲೆಯ ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ತೊಳೆದರೂ ಹುರಿದರೂ ಪೂರ್ತಿ ಹೋಗದು.

ಆಹಾರದ ಮಾತಲ್ಲದಿದ್ದರೂ ಅಡುಗೆಮನೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನೀರುದೋಸೆಗೆ ಈಗ ಎಲ್ಲರ ಮನೆಯಲ್ಲೂ ನಾನ್‌ಸ್ಟಿಕ್ ಕಾವಲಿ. ಅದು ಅತಿಯಾಗಿ ಕಾದರೆ ಬರುವ ಹೊಗೆ ನಮ್ಮ ಮೂಗಿಗೆ ಗೊತ್ತಾಗುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಪಂಜರ ಅಡುಗೆಮನೆಯ ಹತ್ತಿರ ಬೇಡವೇ ಬೇಡ.

ಮೂಸಿಯೂ ನೋಡದಿದ್ದರೆ?

ಬೀಜ ತಿಂದು ಅಭ್ಯಾಸವಾದ ಗಿಳಿಗೆ ಕ್ಯಾರೆಟ್ ತಿಂಡಿಯಲ್ಲ, ಶತ್ರು. ನಮ್ಮದು ಮೊದಲ ವಾರ ತಟ್ಟೆಯಿಂದ ಒಂದೊಂದೇ ಚೂರನ್ನು ಎತ್ತಿ ಪಂಜರದ ಹೊರಗೆ ಎಸೆಯುತ್ತಿತ್ತು. ಹಟಕ್ಕೆ ಬಿದ್ದು ಉಪವಾಸ ಕೆಡವಬೇಡಿ. ಸಣ್ಣ ಹಕ್ಕಿಗಳು ಒಂದು ದಿನದ ಹಸಿವನ್ನೂ ತಾಳಲಾರವು. ತುರಿದ ಕ್ಯಾರೆಟ್ಟಿನಲ್ಲಿ ನವಣೆ ಉರುಳಿಸಿ, ಕಾಳು ಬೇಕಿದ್ದರೆ ತರಕಾರಿ ಕೊಕ್ಕಿಗೆ ತಾಗಲೇಬೇಕಾದಂತೆ ಕೊಡಿ. ಪಂಜರದ ಎದುರು ಕೂತು ನೀವೂ ಅದೇ ಚೂರನ್ನು ಶಬ್ದ ಮಾಡುತ್ತ ತಿನ್ನಿ. ಗಿಳಿ ಹಿಂಡಿನಲ್ಲಿ ತಿನ್ನುವ ಜೀವಿ, ಅದರ ಹಿಂಡು ಈಗ ನೀವೇ. ನಮ್ಮದು ಒಪ್ಪಿದ್ದು ಮೂರನೆಯ ವಾರ. ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಬೆಳಿಗ್ಗೆ ತೂಗಿ ಬರೆದಿಡಿ. ತೂಕ ಹತ್ತನೆಯ ಒಂದು ಪಾಲು ಇಳಿದರೆ ಪ್ರಯೋಗ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ಹಣ್ಣು, ಸೌತೆ ತಿಂದ ದಿನ ಹಿಕ್ಕೆ ನೀರಾಗಿರುತ್ತದೆ, ಅದು ಭೇದಿಯಲ್ಲ. ಬಣ್ಣವೂ ಬದಲಾಗುತ್ತದೆ. ಇದು ನನಗೆ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ, ಪಂಜರದ ಕಾಗದದ ಮೇಲೆ ರಕ್ತದಂಥ ಕೆಂಪು ಕಲೆ ಕಂಡು, ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಆಟೊ ಹಿಡಿದು ಓಡಿದಾಗ. ವೈದ್ಯರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು, ಹಕ್ಕಿಯನ್ನು ನೋಡಿದರು, ಆಮೇಲೆ ನನ್ನ ಬೆರಳುಗಳನ್ನು ನೋಡಿದರು. “ನಿನ್ನೆ ಬೀಟ್‌ರೂಟ್ ಹೆಚ್ಚಿದಿರಾ?” ಎಂದು ಕೇಳಿದರು.