ಬಳ್ಳಾರಿ ಬಿಸಿಲಲ್ಲಿ ಪಿಸಿಯೋ ಪಿಎಸ್ಸೋ: ನನ್ನ ಅಂಗಡಿಯ ಲೆಕ್ಕ

ಗಂಟೆ ಲೆಕ್ಕದಲ್ಲಿ ಆಡಿಸೋ ಗೇಮಿಂಗ್ ಅಂಗಡಿ ಇಡ್ತೀನಿ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. "ಪಿಎಸ್5 ಎರಡು ತಗೋ, ದೊಡ್ಡ ಟಿವಿ ಹಾಕು, ಮುಗೀತು. ಕಂಪ್ಯೂಟರ್ ತಂಟೆಗೆ ಮಾತ್ರ ಹೋಗಬೇಡಪ್ಪ." ಪಿಎಸ್ ಅಂದರೆ ಸೋನಿಯ ಪ್ಲೇಸ್ಟೇಷನ್, ಟಿವಿಗೆ ಜೋಡಿಸಿ ಆಡುವ ಕನ್ಸೋಲ್. ಪಿಸಿ ಇಟ್ಟು ಕೈ ಸುಟ್ಟುಕೊಂಡವರು ಊರಲ್ಲಿ ಇದ್ದರು, ಅವರ ಮಾತಿಗೂ ತೂಕ ಇತ್ತು. ಈಗ ನನ್ನ ಹತ್ತಿರ ನಾಲ್ಕು ಪಿಸಿ, ಒಂದು ಪಿಎಸ್5, ಒಂದು ಹಳೇ ಪಿಎಸ್4 ಸ್ಲಿಮ್ ಇವೆ. ಎರಡು ಬೇಸಿಗೆ ದಾಟಿದ್ದೇವೆ. ಖರ್ಚೆಲ್ಲ ಕಳೆದು ಉಳಿಯುವ ದುಡ್ಡಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಪಿಸಿಯದ್ದೇ. ಬೇಡ ಅಂದವರೇ ಈಗ ಬಂದು ಸೆಟಪ್ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ.

ಗ್ರಾಫಿಕ್ಸ್ ಯಾವುದರಲ್ಲಿ ಚೆನ್ನ, 4ಕೆ ಬೇಕಾ ಅನ್ನೋ ಜಗಳ ನಿಮಗೆಲ್ಲ ಗೊತ್ತೇ ಇದೆ, ಬಿಡಿ. ನಮ್ಮೂರಲ್ಲಿ ಎಲ್ಲಾ ತೀರ್ಮಾನ ಮಾಡೋದು ವಾಟ್. ಪೆಟ್ಟಿಗೆ ಎಷ್ಟು ಕರೆಂಟ್ ಕುಡಿಯುತ್ತದೋ ಅಷ್ಟೂ ಬಿಸಿಯಾಗಿ ರೂಮಿಗೇ ಬರುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ ಇರುವಾಗ ಒಂದು ಟನ್ ಎಸಿ ಅದನ್ನೂ ಎಳೆಯಬೇಕು.

ಮೊದಲು ದುಡ್ಡಿನ ವಿಷಯ. 2021ರ ಫೆಬ್ರವರಿಯಲ್ಲಿ ಪಿಎಸ್5 ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಮಾಡೆಲ್ 49,990 ಇತ್ತು, ಆಮೇಲೆ 54,990 ಆಯಿತು. ನಾನು ತಗೊಂಡಿದ್ದು ಏರಿದ ಮೇಲೆ. ಎರಡನೇ ಕಂಟ್ರೋಲರ್, 43 ಇಂಚಿನ ಟಿವಿ, ಒಂದು ಹೊಸ ಡಿಸ್ಕ್ ಸೇರಿ 90,000ದ ಹತ್ತಿರ ಹೋಯಿತು. ಪಿಸಿಗೆ ಬೆಂಗಳೂರಿನ ಕಂಪ್ಯೂಟರ್ ಬಜಾರು ಎಸ್‌ಪಿ ರೋಡ್. ಆಫೀಸಿನವರು ಬಿಟ್ಟ ಇಂಟೆಲ್ ನಾಲ್ಕನೇ ಜನರೇಶನ್ ಐ5 ಪ್ರೊಸೆಸರಿನ ಟವರ್ 8,000ದೊಳಗೆ ಸಿಕ್ಕಿತು. ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 3,000, ಗ್ರಾಫಿಕ್ಸ್ ಕಾರ್ಡಿಗೆ 6,500, ಸೆಕೆಂಡ್ ಹ್ಯಾಂಡ್ 75 ಹರ್ಟ್ಸ್ ಮಾನಿಟರಿಗೆ 4,000, ಕೀಬೋರ್ಡು ಮೌಸು ಹೆಡ್‌ಸೆಟ್ಟಿಗೆ ಇನ್ನೊಂದು ಚೂರು. ಒಂದು ಸೀಟು 23,000 ಅಂದುಕೊಳ್ಳಿ. ಟವರ್‌ಗಳು ಬಂದದ್ದು ಹಂಪಿ ಎಕ್ಸ್‌ಪ್ರೆಸ್ ಸೀಟಿನ ಕೆಳಗೆ, ಬೆಡ್‌ಶೀಟ್ ಸುತ್ತಿಕೊಂಡು.

ಕಾರ್ಡಿನಲ್ಲೇ ಜಾಸ್ತಿ ಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡಿನಿಂದ ಕ್ರಿಪ್ಟೋ ದುಡ್ಡು ಹುಟ್ಟಿಸೋದು) ನಿಂತ ಮೇಲೆ ದೊಡ್ಡ ದೊಡ್ಡ ಕಾರ್ಡುಗಳು ಚಿಲ್ಲರೆ ಬೆಲೆಗೆ ಬಂದವು. ಎರಡು ಕೊಂಡೆ. 8 ಪಿನ್ ಪವರ್ ಬೇಕು, ಅದಕ್ಕೆ ಬೇರೆ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಬೇಕು. ಆಫೀಸ್ ಬೋರ್ಡಿನಲ್ಲೋ ಅದರ 24 ಪಿನ್ ಪ್ಲಗ್ಗಿಗೆ ಜಾಗವೇ ಇಲ್ಲ, 8 ಪಿನ್ನಿನದು. ಅದಕ್ಕೊಂದು ಕನ್ವರ್ಟರ್ ತಂತಿ. ಇಷ್ಟೆಲ್ಲ ಮಾಡಿ ಹಾಕಿದರೆ ಮೊದಲ ಬೇಸಿಗೆಯಲ್ಲೇ ಒಂದು ಪರದೆ ತುಂಬ ಹಸಿರು ಚೌಕ ತೋರಿಸಿ ಸತ್ತಿತು, ಇನ್ನೊಂದು ಬರೀ ಫ್ಯಾನ್ ತಿರುಗಿಸಿತು. ಮಾರಿದವನು ಫೋನ್ ಎತ್ತಲಿಲ್ಲ. ಸುಮಾರು 14,000 ನೀರಿಗೆ ಹೋಯಿತು. ಆಮೇಲೆ ನಾಲ್ಕಕ್ಕೂ ಜಿಟಿಎಕ್ಸ್ 1650 ಹಾಕಿದೆ. 75 ವಾಟ್ ಕಾರ್ಡ್, ಬೋರ್ಡಿನ ಸ್ಲಾಟಿನಿಂದಲೇ ಪವರ್, ಆಫೀಸ್ ಎಸ್‌ಎಂಪಿಎಸ್ಸೇ ಸಾಕು. ಈಗ ಹೊಸದಾಗಿ ಹುಡುಕುವವರು ಎಂಟನೇ ಜನರೇಶನ್‌ಗಿಂತ ಕೆಳಗೆ ಹೋಗಬೇಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ, 11ರಲ್ಲಿ ವ್ಯಾಲರಂಟ್ ಆಟ ಟಿಪಿಎಂ 2.0 (ಹಳೇ ಟವರ್ಗಳಲ್ಲಿ ಸಿಗದ ಭದ್ರತಾ ಚಿಪ್) ಕೇಳುತ್ತದೆ.

ಅಸಲಿ ಕೆಲಸ ಇರೋದು ಫ್ರೇಮ್ ಕಟ್ಟಿಹಾಕುವುದರಲ್ಲಿ. 75 ಹರ್ಟ್ಸ್ ಪರದೆ ಸೆಕೆಂಡಿಗೆ ತೋರಿಸೋದು 75 ಫ್ರೇಮ್, ಅಂದರೆ ಚಿತ್ರ, ಮಾತ್ರ. ಕಾರ್ಡ್ 150 ಫ್ರೇಮ್ ಕೊಟ್ಟರೆ ಅರ್ಧ ಸುಮ್ನೆ ದಂಡ. 75ಕ್ಕೆ ನಿಲ್ಲಿಸಿ, ಕಾರ್ಡ್ ಹದ ಮಾಡುವ ಸಾಫ್ಟ್‌ವೇರ್ ಆಫ್ಟರ್‌ಬರ್ನರ್‌ನಲ್ಲಿ ವೋಲ್ಟೇಜ್ ಇಳಿಸಿದೆ. ಸಾಕೆಟ್ಟಿನ ವಾಟ್ ಮೀಟರಿನಲ್ಲಿ ಮಾನಿಟರ್ ಸೇರಿ 170ರ ಸುತ್ತ ಇದ್ದದ್ದು 110ಕ್ಕೆ ಬಂತು. ಪಿಎಸ್5 ಟಿವಿ ಬಿಟ್ಟೇ 200ರ ಸುತ್ತ ಎಳೆಯುತ್ತದೆ, ಅದರ ವೋಲ್ಟೇಜ್ ಇಳಿಸೋದು ನನ್ನ ಕೈಯಲ್ಲಿ ಇಲ್ಲ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಮಾತ್ರ ಮೊದಲ ದಿನವೇ ಹಿಡಿದರು, "ಅಣ್ಣ, ಮೌಸ್ ಯಾಕೋ ಭಾರ ಅನಿಸ್ತಿದೆ" ಅಂತ. ಇನ್ನೊಂದು ಸೆಟ್ಟಿಂಗ್ ಮುಟ್ಟಿದೆ, ಆ ದೂರು ಮತ್ತೆ ಬಂದಿಲ್ಲ. ಅದೊಂದನ್ನು ಇಲ್ಲಿ ಬರೆಯಲ್ಲ. ಹಿಂದಿನ ರಸ್ತೆಯಲ್ಲೇ ಇನ್ನೊಂದು ಅಂಗಡಿ ಬಂದಿದೆ.

ಇನ್ವರ್ಟರ್ ಕಥೆ ಇದಕ್ಕಿಂತ ದೊಡ್ಡದು. ಎರಡು 150 ಎಎಚ್ ಬ್ಯಾಟರಿ. ನಾರ್ಮಲ್ ಮೋಡ್‌ನಲ್ಲಿ ಇಟ್ಟರೆ ಕರೆಂಟ್ ಹೋದ ಕೂಡಲೇ ರ‍್ಯಾಂಕ್ ಮ್ಯಾಚ್ ನಡುವೆ ನಾಲ್ಕೂ ಪಿಸಿ ರೀಸ್ಟಾರ್ಟ್. ಯುಪಿಎಸ್ ಮೋಡ್‌ಗೆ ಹಾಕಿದರೆ ಅದು ಸರಿಹೋಯಿತು, ಆದರೆ ಬೇರೆ ಪೀಡೆ ಶುರುವಾಯಿತು. ಆ ಮೋಡ್‌ನಲ್ಲಿ ವೋಲ್ಟೇಜ್ 180ಕ್ಕಿಂತ ಇಳಿದರೆ ಕರೆಂಟ್ ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ಬೇಸಿಗೆ ಮಧ್ಯಾಹ್ನ ನಮ್ಮ ಲೈನಿನಲ್ಲಿ 170 ಸಿಕ್ಕರೆ ಪುಣ್ಯ. ಸಂಜೆ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಖಾಲಿ! ಇನ್ವರ್ಟರಿಗೆ ಮುಂಚೆ ಒಂದು 3 ಕೆವಿಎ ಸ್ಟೆಬಿಲೈಸರ್ ಹಾಕೋಣ ಅಂದೆ. "ಇನ್ವರ್ಟರಿಗೆ ಯಾರಾದ್ರೂ ಸ್ಟೆಬಿಲೈಸರ್ ಹಾಕ್ತಾರಾ?" ಅಂತ ಎಲೆಕ್ಟ್ರಿಷಿಯನ್ ನಕ್ಕ. ಹಾಕಿಸಿದೆ. ಈಗ ಸ್ಟೆಬಿಲೈಸರ್ ಟಿಕ್ ಅಂದಾಗ ಇನ್ವರ್ಟರ್ ದೀಪ ಒಮ್ಮೆ ಕೆಂಪಾಗಿ ಮತ್ತೆ ಹಸಿರಾಗುತ್ತದೆ, ಆಡುವವನಿಗೆ ಗೊತ್ತೇ ಆಗಲ್ಲ. ಮುಂಚೆ ಒಂದೂವರೆ ಗಂಟೆ ಬರುತ್ತಿದ್ದ ಬ್ಯಾಟರಿ ಈಗ ಮೂರೂವರೆ ಗಂಟೆ ಬರುತ್ತದೆ. ಕರೆಂಟ್ ಹೋದರೆ ಆ ಮ್ಯಾಚ್ ಮುಗಿಸಿ ಪಿಎಸ್5 ಮಾತ್ರ ಆಫ್.

ಧೂಳು ತಡೆಯಲು ಪಿಸಿಗೆ ಜೀನ್ಸ್ ಬಟ್ಟೆ ಕಟ್ಟಿ ನೋಡಿದ್ದೂ ಉಂಟು. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಕಡೆ ತುಂಡು ಬಟ್ಟೆ ಪುಕ್ಕಟೆ ಸಿಗುತ್ತದೆ ಅಲ್ವಾ? ಕೆಂಪು ಧೂಳು ಒಂದು ಕಣ ಒಳಗೆ ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ! ಕಾರ್ಡು 85 ಡಿಗ್ರಿ ಮುಟ್ಟಿತು. ಈಗ ಸೊಳ್ಳೆ ಪರದೆ ಎರಡು ಮಡಿಕೆ, ವಾರಕ್ಕೊಮ್ಮೆ ತೊಳೆಯೋದು. ಪಿಎಸ್5ಗೆ ಹೊರಗಿಂದ ಏನೂ ಕಟ್ಟಬೇಡಿ. ಬಿಳಿ ತಟ್ಟೆ ಬಿಚ್ಚಿದರೆ ಧೂಳು ಸೇರುವ ಎರಡು ತೂತು ಕಾಣುತ್ತವೆ, ವ್ಯಾಕ್ಯೂಮ್ ಹಿಡಿದರೆ ಸಾಕು. ಇನ್ನೂ ಒಳಗೆ ಕೈ ಹಾಕಬೇಡಿ, ಚಿಪ್ಪಿನ ಬಿಸಿ ಎಳೆಯಲು ಅದರಲ್ಲಿ ಇರೋದು ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್.

ಹಾಗಂತ ಕನ್ಸೋಲ್ ದಂಡ ಅಂತಲ್ಲ. ಭಾನುವಾರ ನಾಲ್ಕು ಜನ ಗೆಳೆಯರು ಬಂದರೆ ಫುಟ್‌ಬಾಲೇ ಬೇಕು, ಅದಕ್ಕೆ ಸೋಫಾ, ಟಿವಿ, ಎರಡು ಕಂಟ್ರೋಲರ್ ಬಿಟ್ಟರೆ ಬೇರೆ ಇಲ್ಲ. ಸೋತವನು ದುಡ್ಡು ಕೊಡ್ತಾನೆ, ಗೆದ್ದವನು ಮಿರ್ಚಿ ತರಿಸ್ತಾನೆ. ಗಂಟೆಗೆ 80 ತಗೋತೀನಿ, ಪಿಸಿಗೆ 40. ಆದರೆ ಫುಟ್‌ಬಾಲ್ ಡಿಸ್ಕ್ ಪ್ರತಿ ವರ್ಷ ಹಳತಾಗುತ್ತದೆ, ಕಂಟ್ರೋಲರಿನ ಸ್ಟಿಕ್ ಸವೆದು ಪರದೆ ಮೇಲಿನ ಆಟಗಾರ ತಾನಾಗೇ ಓಡಲು ಶುರು ಮಾಡುತ್ತಾನೆ, ಬಹಳಷ್ಟು ಆಟ ಆನ್‌ಲೈನ್ ಆಡೋಕೆ ಪಿಎಸ್ ಪ್ಲಸ್ ಚಂದಾ. ಪಿಸಿಯಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಎರಡೂ ಪುಕ್ಕಟೆ, ಹುಡುಗರು ಅವರವರ ಅಕೌಂಟ್ ತರುತ್ತಾರೆ, ಮುಂಬೈ ಸರ್ವರಿಗೆ ಪಿಂಗ್ (ಸರ್ವರ್ ಉತ್ತರ ಬರಲು ಹಿಡಿಯುವ ಸಮಯ) 35 ಮಿಲಿಸೆಕೆಂಡಿನ ಸುತ್ತ ಸಿಗುತ್ತದೆ.

ಸಂಡೂರು ಕಡೆ ಅದಿರು ಲಾರಿ ಓಡಿಸುವವರೊಬ್ಬರು ಬರುತ್ತಾರೆ. ವಾರವೆಲ್ಲ ಲಾರಿ ಓಡಿಸಿ ರಜೆ ದಿನ ಇಲ್ಲಿ ಕೂತು ಯೂರೋ ಟ್ರಕ್ ಸಿಮ್ಯುಲೇಟರ್‌ನಲ್ಲೂ ಲಾರಿನೇ ಓಡಿಸೋದು! ಅವರಿಗೋಸ್ಕರ ಹಳೇ ಸ್ಟೀರಿಂಗ್ ವೀಲ್ ಒಂದು ತಂದಿದ್ದೇನೆ, ದುಡ್ಡು ಇನ್ನೂ ಹುಟ್ಟಿಲ್ಲ.

ಮುಂದಿನ ತಲೆನೋವು ಜಿಟಿಎ 6 ಅನ್ನೋ ಆಟ. ಘೋಷಣೆ ಆಗಿರೋದು ಪಿಎಸ್5ಗೆ, ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಜಿಟಿಎ 5 ಕೂಡ 2013ರಲ್ಲಿ ಕನ್ಸೋಲಿಗೆ ಬಂದು ಪಿಸಿಗೆ ಬಂದದ್ದು 2015ರಲ್ಲಿ. ಹುಡುಗರು ಈಗಲೇ ಸೀಟ್ ಬುಕ್ ಮಾಡು ಅಂತಾರೆ. ಇನ್ನೊಂದು ಪಿಎಸ್5 ಬಂದರೆ ಎಸಿ ಒಂದೂವರೆ ಟನ್ ಆಗಬೇಕು. ಸೆಕೆಂಡ್ ಹ್ಯಾಂಡ್ ಎಸಿ ಯಾರ ಹತ್ತಿರ ಇದ್ದರೂ ಹೇಳಿ, ಬೆಲೆ ಮಾತಾಡೋಣ.