ರಾತ್ರಿಯೂಟದ ಲೆಕ್ಕದಿಂದ ವಲಸೆ ಹಿಡಿದೆ

2011ರ ಜನಗಣತಿಯಲ್ಲಿ ರಾಜ್ಯ 6.11 ಕೋಟಿಗೆ ಏರಿದರೂ ಚಿಕ್ಕಮಗಳೂರು ಜಿಲ್ಲೆ ಹತ್ತು ವರ್ಷದಲ್ಲಿ 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿದಿತ್ತು. ಹೋದವರು ಯಾರು, ಉಳಿದವರು ಯಾರು ಎಂದು ನೋಡಲು ಸಂಶೋಧನಾ ಪ್ರಬಂಧಕ್ಕಾಗಿ 2023ರಲ್ಲಿ ಅದೇ ಜಿಲ್ಲೆಯ ಕೊಪ್ಪದ ಕಡೆ ಸುಮಾರು ನೂರನಲವತ್ತು ಮನೆಗಳಿಗೆ ಹೋದೆ.

ಮೊದಲ ಸುತ್ತು ನೀರಿನಲ್ಲಿ ಹೋಮ. "ಮನೆಯಲ್ಲಿ ಎಷ್ಟು ಜನ?" ಎಂದರೆ ಬೆಂಗಳೂರಿನ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಸೇರಿಬಿಡುತ್ತಿದ್ದರು. ಪಡಿತರ ಚೀಟಿಯಲ್ಲೂ ಅವರ ಹೆಸರಿದೆಯಲ್ಲ! ಜುಲೈ ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡು ತುಂಬಿಸಿದ ನಮೂನೆಗಳ ಪ್ರಕಾರ ಊರು ಬಿಟ್ಟವರೇ ಇಲ್ಲ. ಪೆಟ್ರೋಲು, ಜೆರಾಕ್ಸು ಎಂದು ಆರೇಳು ಸಾವಿರ ಕರಗಿತ್ತು.

ಎರಡನೆಯ ಸುತ್ತಿಗೆ ಪ್ರಶ್ನೆ ಬದಲಿಸಿದೆ: "ನಿನ್ನೆ ರಾತ್ರಿ ಇಲ್ಲಿ ಉಂಡವರು ಎಷ್ಟು?" ಇದೇನು ಛತ್ರದ ಲೆಕ್ಕವೇ ಎಂದು ನಮ್ಮ ವಿಭಾಗದಲ್ಲಿ ನಕ್ಕರು. ಆರು ಹೆಸರು ಬರೆಸಿದ್ದ ಮನೆಯಲ್ಲಿ ಉಂಡವರು ಇಬ್ಬರು, ಇಬ್ಬರೂ ಅರವತ್ತು ದಾಟಿದವರು. ಇಂಥ ಮನೆಗಳು ಹತ್ತಿರ ಹತ್ತಿರ ಅರ್ಧದಷ್ಟು.

ವಯಸ್ಸಿನದು ಬೇರೆ ರಗಳೆ. ಕೇಳಿದರೆ 60, 65, 70. ನಡುವೆ ಯಾರೂ ಹುಟ್ಟಿಯೇ ಇಲ್ಲ. ಕೇಳುವುದನ್ನೇ ಬಿಟ್ಟೆ. ಅಡಿಕೆ ಸುಲಿಯುತ್ತಿದ್ದ ಒಬ್ಬ ಅಜ್ಜಿಗೆ ಆಧಾರ್ ಕಾರ್ಡಿನಲ್ಲಿ ಅರವತ್ತು. "ಇಂದಿರಮ್ಮ ನಮ್ಮಲ್ಲಿ ಓಟಿಗೆ ನಿಂತಾಗ ನಿಮ್ಮ ಮಕ್ಕಳು ಎಷ್ಟು ದೊಡ್ಡವರು?" ಎಂದೆ. ಕತ್ತಿ ನಿಲ್ಲಿಸದೆ, "ಮೂರನೆಯವನು ತೊಟ್ಟಿಲಲ್ಲಿದ್ದ. ಹಿರಿಯವಳಿಗೆ ಆರು, ಅವಳು ಹುಟ್ಟಿದಾಗ ನನಗೆ ಹತ್ತೊಂಬತ್ತು" ಎಂದರು. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತ ಆ ಉಪಚುನಾವಣೆ 1978ರದು. ಅಂದರೆ ಅಜ್ಜಿಗೆ ಎಪ್ಪತ್ತು! ಹೀಗೆ ತಿದ್ದಿದ ಮೇಲೆ ಯಾವ ವಯಸ್ಸಿನವರು ಎಷ್ಟಿದ್ದಾರೆಂದು ತೋರಿಸುವ ಜನಸಂಖ್ಯಾ ಪಿರಮಿಡ್‌ಗೆ ಆಕಾರ ಬಂತು: ಮೇಲೆ ದಪ್ಪ, ಇಪ್ಪತ್ತರಿಂದ ನಲವತ್ತರವರೆಗೆ ಸೊಂಟವೇ ಇಲ್ಲ. ವಯಸ್ಸು ಹಿಡಿಯಲು ನನ್ನ ಬಳಿ ಆ ಚುನಾವಣೆಯಂಥ ಹನ್ನೊಂದು ಘಟನೆಗಳ ಪಟ್ಟಿ ಇದೆ. ಎಲ್ಲವನ್ನೂ ಇಲ್ಲಿ ಬಿಚ್ಚುವುದಿಲ್ಲ.

ಸುಮ್ಮನೆ ಕುತೂಹಲಕ್ಕೆ ದೀಪಾವಳಿಯ ರಾತ್ರಿ ಒಂದು ಕೇರಿಯಲ್ಲಿ ಮತ್ತೆ ಎಣಿಸಿದೆ. ಹೆಚ್ಚುಕಡಿಮೆ ಎರಡರಷ್ಟು ಜನ. ಪ್ರಬಂಧಕ್ಕೆ ಉಪಯೋಗವಾಗಲಿಲ್ಲ, ಹೋಳಿಗೆ ಸಿಕ್ಕಿತು. ಕಾಫಿ ತೋಟದ ಕೂಲಿಗಳ ಸಾಲುಮನೆಗಳಾದ ಲೈನ್ ಮನೆಗಳಿಗೂ ಹೋದೆ. ಅಲ್ಲಿದ್ದ ಅಸ್ಸಾಮಿನ ಹುಡುಗರು ಊರಿನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಊರಿನಲ್ಲಿ ಕಾಣದ ಇಪ್ಪತ್ತೈದರ ವಯಸ್ಸೆಲ್ಲ ಅಲ್ಲಿತ್ತು. ನನ್ನ ಹರುಕು ಹಿಂದಿಯಲ್ಲಿ ಮೂವತ್ತು ಜನರನ್ನು ದಾಟಲಾಗಲಿಲ್ಲ.

ಒಟ್ಟು ಖರ್ಚು ಹದಿನೆಂಟು ಸಾವಿರದ ಆಸುಪಾಸು. ಛತ್ರ ಎಂದು ನಕ್ಕವರೇ ಮೊನ್ನೆ ನಮೂನೆ ಕೇಳಿದರು. ಕೊಟ್ಟೆ. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕೆಂದು ಮಾತ್ರ ಹೇಳಲಿಲ್ಲ.