ಔಟ್‌ಬ್ಯಾಕ್‌ಗೆ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಹೋಗುವವರಿಗೆ

ಈ ಚಳಿಗಾಲದಲ್ಲಿ ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನ, ಅಂದ್ರೆ ಒಳನಾಡಿನ ಒಣ ಪ್ರದೇಶದ, ಊಡ್ನಡಾಟ್ಟಾ ಟ್ರ್ಯಾಕ್ ಕಡೆ ಹೊರಟಿದ್ದೀರಾ? ಮ್ಯಾರಿಯಿಂದ ಮಾರ್ಲಾವರೆಗೆ 600 ಕಿ.ಮೀ.ಗೂ ಜಾಸ್ತಿ, ಬಹುಪಾಲು ಮಣ್ಣು-ಜಲ್ಲಿ ರಸ್ತೆ. ಎಲ್ಲರೂ ಕಾರನ್ನು ಸರ್ವಿಸ್ ಮಾಡಿಸ್ತಾರೆ, ಹಿಂದೆ ಕಟ್ಟಿಕೊಂಡ ಟೆಂಟ್-ಹಾಸಿಗೆಯ ಟ್ರೇಲರ್ ಮರೆತುಬಿಡ್ತಾರೆ. ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಅದೇ.

ಹೊರಡುವ ಮುಂಚೆ ವೀಲ್ ಬೇರಿಂಗ್ ತೆಗೆಸಿ ಹೊಸ ಗ್ರೀಸ್ ಹಾಕಿಸಿ. ಒಂದು ಸ್ಪೇರ್ ಬೇರಿಂಗ್ ಸೆಟ್ ಜೊತೆಗಿರಲಿ. ದಾರಿಯಲ್ಲಿ ನಿಂತಾಗಲೆಲ್ಲ ಟ್ರೇಲರ್‌ನ ಎರಡೂ ಹಬ್‌ಗಳ (ಚಕ್ರದ ನಡುಭಾಗ) ಹತ್ತಿರ ಅಂಗೈ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ದೋಸೆ ಕಾವಲಿ ಥರ ಸುಡುತ್ತಿದ್ದರೆ ಮುಂದೆ ಹೋಗಬೇಡಿ. ಬೇರಿಂಗೋ ಬ್ರೇಕೋ ಹೋಗ್ತಿದೆ ಅಂತ ಅರ್ಥ.

ಜಲ್ಲಿ ಶುರುವಾದ ಕೂಡಲೇ ಕಾರು, ಟ್ರೇಲರ್ ಎರಡರ ಟೈರ್ ಗಾಳಿಯನ್ನೂ ಸುಮಾರು ಕಾಲು ಭಾಗ ಇಳಿಸಿ, ವೇಗವನ್ನೂ ಇಳಿಸಿ. ಟಾರ್ ಸಿಕ್ಕಾಗ ಮತ್ತೆ ತುಂಬಲು ಪುಟ್ಟ ಕಂಪ್ರೆಸರ್ ಬೇಕೇ ಬೇಕು.

ಟ್ರೇಲರ್ ಎಳೆಯುವಾಗ ಡೀಸೆಲ್ ಜಾಸ್ತಿ ಕುಡಿಯುತ್ತೆ. ದಾರಿಯಲ್ಲಿ ಸಿಗುವ ವಿಲಿಯಂ ಕ್ರೀಕ್, ಊಡ್ನಡಾಟ್ಟಾ ಎರಡೂ ಊರುಗಳಲ್ಲಿ ತುಂಬಿಸಿ, ನಡುವಿನ ಅಂತರ ಸುಮಾರು 200 ಕಿ.ಮೀ. ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ, ಮುಚ್ಚಿದ ರಸ್ತೆಗಿಳಿದರೆ ದಂಡ ಬೀಳುತ್ತೆ. ಹಾಗಾಗಿ ಒಂದೆರಡು ದಿನಕ್ಕೆ ಹೆಚ್ಚುವರಿ ನೀರು, ಅಕ್ಕಿ-ಬೇಳೆ ಟ್ರೇಲರ್‌ನಲ್ಲೇ ಇರಲಿ.